ಹೊಸಿಲಲ್ಲೇ ನಿಂತ ಮದುಮಗಳ ವಿಷಯವಾಗಿ ಬ್ಲೂಟೂತ್‌ರವರಿಗೆ

ಸುಗಟೂರು, ಕೋಲಾರ ತಾಲ್ಲೂಕು
26 ಏಪ್ರಿಲ್ 2009

ಫೋನಿಂದ ಫೋನಿಗೆ ಹಾಡು ಸಾಗಿಸುವ ಶ್ರೀಮಾನ್ ಬ್ಲೂಟೂತ್‌ರವರ ಸನ್ನಿಧಾನಕ್ಕೆ ರಾಮಲಕ್ಷ್ಮಮ್ಮನ ನಮಸ್ಕಾರಗಳು.

ಮಾನ್ಯರೇ,

ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳ ಕೈಗೆ ಈ ವಯಸ್ಸಿನಲ್ಲಿ ಪೆನ್ನು ಹಿಡಿಸಿದ್ದೀರಿ. ಹಸುವಿಗೆ ಹುಲ್ಲು ಹಾಕುವ ಹೊತ್ತು ನಿಮ್ಮಿಂದ ಹಾಳಾಗುತ್ತಿದೆ, ಆದ್ದರಿಂದ ಮೊದಲು ಬೈಗುಳ, ಆಮೇಲೆ ಮರ್ಯಾದೆ.

ಹೋದ ಮಾಘದಲ್ಲಿ ಲಕ್ಕೂರಿನ ನನ್ನ ತಂಗಿಯ ಮನೆಗೆ ಸೊಸೆ ಬಂದಾಗ ನಾನು ಮನೆ ತುಂಬಿಸುವ ಹಾಡು ಹೇಳುತ್ತಿದ್ದೆ, ತಂಗಿಯ ಕಿರಿಮಗ ಕದಿರೇಶ ನನ್ನ ಮೂತಿಗೆ ಫೋನು ಹಿಡಿದಿದ್ದ. ಹಾಡಿನ ಮದುಮಗಳು ಗಾಡಿ ಇಳಿದು, ಮೈಮೇಲಿನ ಒಡವೆಯನ್ನೆಲ್ಲ ಹೊಗಳಿಸಿಕೊಂಡು, ಹೊಸಿಲಿಗೆ ಬರುವಷ್ಟರಲ್ಲಿ ಸಾಂಬ್ರಾಣಿ ಹೊಗೆಗೆ ನನಗೆ ಕೆಮ್ಮು ಬಂತು, ಅವನಿಗೆ ಯಾರದೋ ಕಾಲ್ ಬಂತು. ಅವನ ರೆಕಾರ್ಡಿಂಗ್ ಅಲ್ಲಿಗೆ ಮುಗಿಯಿತು. ನನ್ನ ಹಾಡು ಮುಗಿದಿರಲಿಲ್ಲ.

ಆಮೇಲಿನ ತಮ್ಮ ಸಾಹಸವನ್ನು ಎಷ್ಟು ಹೊಗಳಿದರೂ ಸಾಲದು. ಪಕ್ಕದ ಮನೆಯ ಮುನಿಗಂಗಮ್ಮ ಒಂದು ಸುದ್ದಿಯನ್ನು ಊರು ದಾಟಿಸಲು ಸಂಜೆಯವರೆಗೆ ತಿರುಗಬೇಕು, ಕಾಫಿಯೂ ಕೊಡಬೇಕು. ತಾವು ತಂತಿಯಿಲ್ಲದೆ, ಕಾಫಿಯಿಲ್ಲದೆ ನನ್ನ ಹಾಡನ್ನು ಮಾಲೂರಿನ ಟೆಂಪೋಗಳಿಗೂ, ಮುಳಬಾಗಿಲಿನ ಮೊಬೈಲ್ ಅಂಗಡಿಗಳಿಗೂ, ಶ್ರೀನಿವಾಸಪುರದ ಮಾವಿನ ಮಂಡಿಗಳಿಗೂ ಮುಟ್ಟಿಸಿದಿರಿ. ಬಸ್ಸಿನಲ್ಲಿ ಕಂಡಕ್ಟರನ ಜೇಬು ನನ್ನ ದನಿಯಲ್ಲಿ ಹಾಡುತ್ತದೆ, ಟಿಕೆಟ್ ಮಾತ್ರ ಕೊಳ್ಳಲೇಬೇಕು. "ಏಮವ್ವಾ, ಕೆಮ್ಮೋ ಅವ್ವ ನೀನೇನಾ? ಒಂದ್ಸಲ ಕೆಮ್ಮವ್ವಾ" ಎಂದು ಮಂಡಿಯ ಹಮಾಲಿಗಳು ಕೈಮುಗಿಯುತ್ತಾರೆ. ಐವತ್ತು ವರ್ಷ ಹಾಡಿದೆ, ಹೆಸರು ಬಂದದ್ದು ಕೆಮ್ಮಿಗೆ!

ಅದನ್ನೂ ನುಂಗಿಕೊಂಡೇನು. ಆದರೆ ತಮ್ಮ ಫೋನುಗಳಲ್ಲಿ ಆ ಹೆಣ್ಣು ಮತ್ತೆ ಮತ್ತೆ ಗಾಡಿ ಇಳಿಯುತ್ತಾಳೆ, ಒಡವೆ ತೋರಿಸುತ್ತಾಳೆ, ಹೊಸಿಲಿಗೆ ಬಂದು ನಿಲ್ಲುತ್ತಾಳೆ. ಬಾರಮ್ಮ ಎಂದು ಒಳಕ್ಕೆ ಕರೆಯುವವರಿಲ್ಲ. ಕರೆಯುವುದು ಕೊನೆಯ ನುಡಿಯಲ್ಲಿ, ಅದನ್ನು ಅತ್ತೆಯಾದವಳೇ ತನ್ನ ಬಾಯಿಂದ ಹಾಡಬೇಕು: ಈ ಒಲೆ ನಿನ್ನದು, ಈ ಮನೆಯಲ್ಲಿ ನಿನ್ನ ಕಣ್ಣೀರು ಬೀಳಗೊಡೆನು ಎಂದು ನೆಂಟರೆದುರು ಮಾತು ಕೊಡಬೇಕು. ನನ್ನ ಅತ್ತೆ ನನಗಿಂತ ಮುಂಗೋಪಿ, ಆದರೂ ಹಾಡಿ ಕೊಟ್ಟ ಮಾತಿಗೆ ತಪ್ಪಲಿಲ್ಲ. ತಾವು ಊರೂರಿಗೆ ಹಂಚಿದ್ದು ಒಡವೆಯ ಲೆಕ್ಕವನ್ನು, ಬಿಟ್ಟದ್ದು ಈ ಮಾತನ್ನು.

ಈಗ ಮೇ ಹದಿನೇಳಕ್ಕೆ ನನ್ನ ಮಗ ಶಿವಕುಮಾರನ ಮದುವೆ. ಮುನಿಗಂಗಮ್ಮ ಬಂದು, "ನೀನ್ಯಾಕಕ್ಕಾ ಗಂಟಲು ಹರ್ಕೊಂತೀಯ, ಮೈಕಿಗೆ ಫೋನ್ ಇಟ್ರೆ ಆಯ್ತಲ್ಲ, ನಿಂದೇ ಹಾಡು" ಎನ್ನುತ್ತಾಳೆ. ಮನೆಯವರೆಲ್ಲ ಹೂಂ ಎಂದು ತಲೆಯಾಡಿಸಿದ್ದಾರೆ. ಬರುವ ಹುಡುಗಿ ರಜನಿಗೆ ತಾಯಿಯಿಲ್ಲ. ಅವಳನ್ನು ಬಾಗಿಲಲ್ಲಿ ನಿಲ್ಲಿಸಿ ನನ್ನ ಕೆಮ್ಮು ಕೇಳಿಸಲೇ?

ಆದಕಾರಣ ತಾವು ದಯಮಾಡಿ ಸೀರೆಯುಟ್ಟು, ಕುಂಕುಮವಿಟ್ಟು, ಆರತಿ ತಟ್ಟೆ ಹಿಡಿದು ಬಂದು ಆ ಕೊನೆಯ ನುಡಿ ಹಾಡಿ, ಮುಂದಿನ ಮೂವತ್ತು ವರ್ಷ ಅದರಂತೆ ನಡೆದುಕೊಳ್ಳಬೇಕಾಗಿ ಪ್ರಾರ್ಥನೆ. ಆಗದಿದ್ದರೆ ಅಂದು ಬಾಯಿ ಮುಚ್ಚಿಕೊಂಡಿರಬೇಕು.

ಇಂತಿ, ಹಾಡು ಪೂರ್ತಿಯಾದ ಮೇಲಷ್ಟೇ ತಮ್ಮ ವಿಶ್ವಾಸಿಯಾಗುವ
ರಾಮಲಕ್ಷ್ಮಮ್ಮ

ಮರೆತ ಮಾತು: ಮದುವೆಯ ದಿನ ಚಪ್ಪಲಿಯ ಜೊತೆ ಫೋನುಗಳನ್ನೂ ಹೊರಗೇ ಬಿಡಿಸುತ್ತೇನೆ, ರಜನಿ ನನ್ನ ದನಿಗೇ ಒಳಗೆ ಬರುತ್ತಾಳೆ. ಕೆಮ್ಮನ್ನು ತಾವೇ ಇಟ್ಟುಕೊಳ್ಳಿ. ಮೇ ಹದಿನಾಲ್ಕರೊಳಗೆ ಉತ್ತರ ಬರಬೇಕು.