ಇಬ್ಬರೇ ಕೂಡುವ ಕಾರಿನ ಗಿರಾಕಿಗಳು

ದೇವರು ತನ್ನವರನ್ನು ಪರೀಕ್ಷೆ ಮಾಡದೆ ಬಿಡುವುದಿಲ್ಲ ಅಂತಾರೆ. ನಮ್ಮ ಪರೀಕ್ಷೆಗೆ ಅವನು ರೋಗ ಕಳಿಸಲಿಲ್ಲ, ಬೆಂಕಿ ಕಳಿಸಲಿಲ್ಲ, ಗಿರಾಕಿಗಳನ್ನು ಕಳಿಸಿದ. ಒಬ್ಬರು ನಗಿಸಿ ಹೋದರು ಅನ್ನುವಷ್ಟರಲ್ಲಿ ಇನ್ನೊಬ್ಬರು ಬಾಗಿಲಲ್ಲಿ ನಿಂತಿರುತ್ತಿದ್ದರು.

ಆದದ್ದಿಷ್ಟು. ತೊಂಬತ್ತರ ದಶಕದ ಕೊನೆಗೆ ನನ್ನ ತಮ್ಮ ಪುಣೆಯ ನೌಕರಿ ಬಿಟ್ಟು ಬಂದು, ಹುಮನಾಬಾದಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಶೆಡ್ಡು ಹಿಡಿದು ಸ್ಪೋರ್ಟ್ಸ್ ಕಾರು ಮಾಡಲು ಕೂತ. ಎಡಕ್ಕೂ ಬಲಕ್ಕೂ ಕೆಮಿಕಲ್ ಕಾರ್ಖಾನೆ, ನಡುವೆ ನಾವು. ಹಳೇ ವ್ಯಾನಿನ ಇಂಜಿನು, ಫೈಬರಿನ ಮೈ, ಕೆಂಪು ಬಣ್ಣ, ಮೇಲೆ ಟಾಪ್ ಇಲ್ಲ, ಕೂಡಲು ಇಬ್ಬರಿಗೆ ಜಾಗ. ನಾನು ಬೆಳಿಗ್ಗೆ ಬಸವಕಲ್ಯಾಣದ ಮನೆಯಲ್ಲಿ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಟೆಂಪೊ ಹತ್ತಿ ಅಲ್ಲಿಗೆ ಹೋಗುತ್ತಿದ್ದೆ. ನನ್ನ ಹುದ್ದೆ ಮ್ಯಾನೇಜರ್. ಅಂದರೆ ಬೀಗದ ಕೈ ನನ್ನ ಹತ್ತಿರ. ಫೈಬರಿನ ಅಚ್ಚು, ಬಣ್ಣ ಎಲ್ಲಾ ಪೇಂಟರ್ ಚಾಚಾನ ಕೈಕೆಲಸ. ಮತ್ತೆ ನಾಲ್ಕಾರು ಹುಡುಗರು. ಕಾರು ಮಾರಾಟವಾದರೆ ಶೆಡ್ಡು ಉಳಿಯುತ್ತದೆ, ಇಲ್ಲವಾದರೆ ಇವರೆಲ್ಲರ ಅನ್ನಕ್ಕೂ ಕಲ್ಲು. ಇದು ನಮಗೆಲ್ಲಾ ಗೊತ್ತಿತ್ತು. ಗೊತ್ತಿಲ್ಲದ್ದು ಗಿರಾಕಿಗಳಿಗೆ.

ಅವ್ವನ ಸೀಟು

ಮೊದಲು ಬಂದವರು ಹುಮನಾಬಾದ್ ಗಂಜ್ ಮಾರುಕಟ್ಟೆಯ ತೊಗರಿ ವ್ಯಾಪಾರಿ. ನಮ್ಮ ಕಡೆ ಹೊಸ ಗಾಡಿ ನೋಡುವುದೆಂದರೆ ಹೆಣ್ಣು ನೋಡಿದ ಹಾಗೆ, ಒಬ್ಬರೇ ಹೋಗುವ ಪದ್ಧತಿಯಿಲ್ಲ. ಹೆಂಡತಿ, ಮಕ್ಕಳು, ಅವ್ವ, ಅಳಿಯ, ಅಂಗಡಿಯ ಮುನೀಮ, ಎಲ್ಲರೂ ಒಂದೇ ಜೀಪಿನಲ್ಲಿ ಬಂದರು. ವ್ಯಾಪಾರಿ ಕಾರಿನ ಸುತ್ತ ಪ್ರದಕ್ಷಿಣೆ ಹಾಕಿ ಹಿಂದೆ ಬಗ್ಗಿ ನೋಡಿದರು.

"ಹಿಂದಿನ ಸೀಟು ಇನ್ನಾ ಹಾಕಿಲ್ಲೇನ್ರಿ?"

"ಹಿಂದ ಸೀಟ್ ಇರಾಂಗಿಲ್ರಿ. ಇದು ಇಬ್ಬರ ಗಾಡಿ," ಎಂದ ತಮ್ಮ.

"ಇಬ್ಬರಂದ್ರ ಯಾರ್ಯಾರು?"

"ನೀವು, ಮತ್ತ ನಿಮ್ಮ ಮನಿಯವರು, ಈ ಅಕ್ಕಾರು."

ವ್ಯಾಪಾರಿಯ ಹೆಂಡತಿ ಮೊದಲ ಸಲ ಕಾರನ್ನು ಕಣ್ತುಂಬ ನೋಡಿದರು. ಜಗಲಿಯ ಮೇಲೆ ಕೂತಿದ್ದ ಅವ್ವ ಎಲೆಅಡಿಕೆ ಉಗುಳಿ ಬಂದು ಮಗನ ಎದುರು ನಿಂತರು.

"ಯಾಕೋ, ನನ್ನ ಬಿಟ್ಟು ಹೋಗೂ ಬಂಡಿ ಖರೀದಿ ಮಾಡಾಕ ನನ್ನನ್ನ ಕರಕೊಂಡು ಬಂದಿಯೇನು?"

ಜೀಪು ತಿರುಗಿ ಹೋಗುವಾಗ ಅವ್ವ ಮುಂದಿನ ಸೀಟಿನಲ್ಲಿದ್ದರು. ಸೊಸೆ ಹಿಂದೆ, ಮುನೀಮನ ಕೊಡೆಯ ಪಕ್ಕ.

ಮೂರು ದಾರಿ

ಹೀಗೇ ಒಂದು ವರ್ಷ ಹೋಯಿತು. ಕಂಪನಿಯ ಮುಂದಿನ ದಾರಿ ಯಾವುದು ಅಂತ ತಿಳಿದವರನ್ನು ಕೇಳೋಣ ಎಂದು ತಮ್ಮ ಪುಣೆಯಿಂದ ಒಬ್ಬ ಸಲಹೆಗಾರರನ್ನು ಕರೆಸಿದ. ಕರಿ ಹಲಗೆ ತರಿಸಿ ಅವರು ಮೂರು ದಾರಿ ಬರೆದರು. ಒಂದು, ಇದೇ ಕಾರನ್ನು ಇನ್ನೂ ದುಬಾರಿ ಮಾಡಿ ಶ್ರೀಮಂತರಿಗೆ ಮಾರುವುದು. ಎರಡು, ದೊಡ್ಡ ಕಂಪನಿಗೆ ವಿನ್ಯಾಸ ಕೊಡುವುದು. ಮೂರು, ಮದುವೆ ಸಮಾರಂಭಗಳಿಗೆ ಬಾಡಿಗೆ ಬಿಡುವುದು.

ಆಮೇಲೆ ನೌಕರರ ಮನಸ್ಸೂ ತಿಳಿಯಬೇಕೆಂದು ಚಾಚಾನನ್ನು ಕೇಳಿದರು. "ಐದು ವರ್ಷದ ನಂತರ ಈ ಕಂಪನಿ ಹೇಗಿರಬೇಕು ಅಂತೀರಿ?"

ಚಾಚಾ ಕೈಗೆ ಮೆತ್ತಿದ ಬಣ್ಣ ಒರೆಸಿಕೊಂಡ. "ಐದ್ ವರ್ಸದ ಮಾತ ಅಲ್ಲಾನ ಕೈಯಾಗ ಅದ ಸಾಬ್. ಮಧ್ಯಾನದ ಮ್ಯಾಲ ಕರೆಂಟ್ ಬರ್ತದೇನ್ ಅಷ್ಟ ಹೇಳ್ರಿ."

ಸಂಜೆ ತಮ್ಮ ಆ ಸಲಹೆಗಾರರನ್ನು ನಮ್ಮ ಕಾರಿನಲ್ಲೇ ಬಸ್ ಸ್ಟ್ಯಾಂಡಿಗೆ ಬಿಡಲು ಹೊರಟ. ಶಾಲೆಯ ಮುಂದಿನ ರೋಡ್ ಹಂಪು ಹೊಸದು, ಮೇಸ್ತ್ರಿ ಮನಸ್ಸು ಬಂದಷ್ಟು ಎತ್ತರ ಹಾಕಿದ್ದ. ನೆಲಕ್ಕೆ ಹೊಟ್ಟೆ ಹಚ್ಚಿ ಓಡುವ ನಮ್ಮ ಕಾರು ಅದರ ಮೇಲೆ ತಕ್ಕಡಿಯ ಹಾಗೆ ಕೂತುಬಿಟ್ಟಿತು. ಮುಂದಿನ ಗಾಲಿ ಗಾಳಿಯಲ್ಲಿ, ಹಿಂದಿನದೂ ಗಾಳಿಯಲ್ಲಿ. ಕಬ್ಬಿನ ಲಾರಿಯವರು ಇಳಿದು ಎತ್ತಿ ಕೆಳಗಿಡುವ ಹೊತ್ತಿಗೆ ಸಲಹೆಗಾರರು ಬ್ಯಾಗು ತಬ್ಬಿಕೊಂಡು ಕೆಂಪು ಬಸ್ಸಿನ ಹಿಂದೆ ಓಡುತ್ತಿದ್ದರು. ನಮಗೆ ಮೂರು ದಾರಿ ಹೇಳಿದ ಮಹಾನುಭಾವರು ತಮಗೆ ಮಾತ್ರ ನಾಲ್ಕನೆಯದನ್ನು ಇಟ್ಟುಕೊಂಡಿದ್ದರು.

ಟೈ ಕಟ್ಟಿದವರು

ಶ್ರೀಮಂತರ ದಾರಿಯ ಕಥೆ ತೊಗರಿ ವ್ಯಾಪಾರಿಯ ಅವ್ವನ ಹತ್ತಿರವೇ ಮುಗಿದಿತ್ತು. ಹಾಗಾಗಿ ಎರಡನೆಯದನ್ನು ಹಿಡಿದೆವು. ದೊಡ್ಡ ಕಂಪನಿಯೊಂದರಿಂದ ಟೈ ಕಟ್ಟಿದ ಇಬ್ಬರು ಬಂದರು. ಅವತ್ತು ನಾನು ಕಾರಿನ ಬಾನೆಟ್ಟಿಗೆ ವಿಭೂತಿ ಹಚ್ಚಿ, ಹೂ ಏರಿಸಿ, ಊದಿನಕಡ್ಡಿ ಬೆಳಗಿದ್ದೆ. ಚಾಚಾ ಮನೆಯಿಂದ ಶೀರ್‌ಖುರ್ಮಾ ಪಾಯಸ ಮಾಡಿಸಿ ತಂದಿದ್ದ. ರಂಜಾನ್ ಹಬ್ಬ ಇನ್ನೂ ದೂರವಿತ್ತು, ಆದರೂ ತಂದಿದ್ದ.

ಬಂದವರು ಬಹಳ ಮರ್ಯಾದಸ್ಥರು. ಎರಡೆರಡು ಬಟ್ಟಲು ಕುಡಿದರು. "ಅದ್ಭುತ, ಇಂಥಾ ಊರಲ್ಲಿ ಇಂಥಾ ಕೆಲಸ" ಎಂದರು. ಕಾರಿನ ತಿರುವು, ಗಾಳಿ, ವೇಗ ಎಲ್ಲಾ ತಮ್ಮ ವಿವರಿಸಿದ. ಅವರು ತಲೆ ಆಡಿಸುತ್ತಾ ಟೇಪು ತೆಗೆದರು. ಅಳತೆ ಹಿಡಿಯುತ್ತಾ ಹಿಡಿಯುತ್ತಾ ಹಿಂದೆ ಸರಿದರು, ಮೂಲೆಗೆ ಹೋದರು, ಚಾವಣಿ ನೋಡಿದರು. ಹೈವೇ ಎಷ್ಟು ಹತ್ತಿರ, ಲಾರಿ ಒಳಗೆ ತಿರುಗುತ್ತದೆಯೋ ಎಂದು ಕೇಳಿದರು. ಆಗಲೂ ನನಗೆ ಹೊಳೆಯಲಿಲ್ಲ. ಶಿವನೇ ಕಣ್ಣು ತೆರೆದ ಅಂತ ಒಳಗೊಳಗೇ ಕೈಮುಗಿಯುತ್ತಿದ್ದೆ.

ಕೊನೆಗೆ ಅವರಲ್ಲಿ ಹಿರಿಯರು ತಮ್ಮನ ಭುಜದ ಮೇಲೆ ಕೈಯಿಟ್ಟು ಹೇಳಿದರು. "ನಮಗೆ ಈ ಕಡೆ ಒಂದು ಗೋದಾಮು ಬೇಕಾಗಿದೆ. ಈ ಕಾರು ಸ್ವಲ್ಪ ಆಚೆ ತಳ್ಳಿಸ್ತೀರಾ? ಗೋಡೆ ಸರಿಯಾಗಿ ಕಾಣ್ತಿಲ್ಲ."

ಬ್ಯಾಂಡಿನ ಹಿಂದೆ

ಉಳಿದದ್ದು ಮೂರನೆಯ ದಾರಿ. ಮೋರಖಂಡಿಯ ಒಂದು ಮದುವೆಗೆ ಕಾರನ್ನು ಕಳಿಸಿದೆವು. ಮದುಮಗ ಊರಮುಂದಿನಿಂದ ಹನುಮಂತ ದೇವರ ಗುಡಿಗೆ, ಗುಡಿಯಿಂದ ಮಂಟಪಕ್ಕೆ ಮೆರವಣಿಗೆಯಲ್ಲಿ ಹೋಗಬೇಕು. ತಮ್ಮನೇ ಸ್ಟೇರಿಂಗ್ ಹಿಡಿದ. ಗಾಳಿ ಸೀಳಿಕೊಂಡು ಓಡಲಿ ಎಂದು ವರ್ಷಗಟ್ಟಲೆ ಬೆವರು ಸುರಿಸಿ ಮಾಡಿದ ಗಾಡಿಯನ್ನು ಅವನು ಆ ದಿನ ಬ್ಯಾಂಡಿನವರ ಹಿಂದೆ ನಡೆಸಿದ.

"ಸಾವಕಾಶ, ಮಾಲಕರ. ಬ್ಯಾಂಡಿನವರನ್ನ ದಾಟಬ್ಯಾಡ್ರಿ," ಎಂದರು ಮದುಮಗನ ಕಾಕಾ.

ಸ್ವಲ್ಪ ಹೊತ್ತಿಗೆ, "ಇನ್ನಾ ಸಾವಕಾಶ. ಮುತ್ತೈದೇರು ಹಿಂದ ಉಳದಾರ."

ಇನ್ನೂ ಸ್ವಲ್ಪ ಹೊತ್ತಿಗೆ, "ನಿಂದರ್ರಿ, ಹುಡುಗರು ಕುಣ್ಯಾಕತ್ತಾರ."

ಗುಡಿ ಬರುವ ಮೊದಲೇ ಇಂಜಿನ್ನು ಕುದಿದು, ಬಾನೆಟ್ಟಿನ ಸಂದಿಯಿಂದ ಹೊಗೆ ಎದ್ದಿತು. ಮುತ್ತೈದೆಯರು ಅದನ್ನೂ ಧೂಪವೆಂದು ತಿಳಿದು ಕೈಮುಗಿದರು. ಕಾರು ನಿಂತಿತು, ಮೆರವಣಿಗೆ ನಿಲ್ಲುವ ಹಾಗಿಲ್ಲ, ಮುಹೂರ್ತ ಮೀರುತ್ತದೆ. ಕಾಕಾ ಯಾರನ್ನೂ ಕೇಳಲಿಲ್ಲ, ಮನೆಯಿಂದ ಒಂದು ಜೋಡಿ ಎತ್ತು ತರಿಸಿ ಮುಂದೆ ಕಟ್ಟಿಸಿದರು. ತಮ್ಮ ಸ್ಟೇರಿಂಗ್ ಹಿಡಿದು ಕೂತೇ ಇದ್ದ. ಕೆಂಪು ಕಾರು, ಮುಂದೆ ಬಿಳಿ ಎತ್ತು, ಬೆನ್ನ ಮೇಲೆ ಕಸೂತಿ ಬಟ್ಟೆಯ ಜೂಲ. ನಿಜ ಹೇಳಬೇಕೆಂದರೆ ನೋಡಲು ಚೆಂದವಿತ್ತು.

ಮರುದಿನವೇ ಅದೇ ಊರಿನ ಪಕ್ಕದ ಓಣಿಯವರು ಹೇಳಿ ಕಳಿಸಿದರು. "ನಮ್ಮ ಮದವಿಗೂ ಅದ ಗಾಡಿ ಬೇಕು. ಇಂಜಿನ್ ಇರ್ಲಿ, ಬಿಡ್ಲಿ. ಎತ್ತು ಮಾತ್ರ ಬಿಳೇವು ಇರಬೇಕು."

ತಮ್ಮ ಅವತ್ತು ರೊಟ್ಟಿ ಮುಟ್ಟಲಿಲ್ಲ.

ಘಾಟಬೋರಾಳದ ಮಾಮಾ

ಮೂರೂ ದಾರಿ ಮುಗಿದವು. ಯುಗಾದಿಗೆ ಶೆಡ್ಡು ಖಾಲಿ ಮಾಡುವುದೆಂದು ಗಟ್ಟಿಯಾಯಿತು. ಚಾಚಾ ಬೀದರಿನಲ್ಲಿ ಲಾರಿಗಳಿಗೆ ಬಣ್ಣ ಬಳಿಯುವ ಕೆಲಸ ನೋಡಿಕೊಂಡು ಬಂದ. ನಾನು ಪೂಜೆಯಲ್ಲಿ ಬೇರೇನೂ ಬೇಡುತ್ತಿರಲಿಲ್ಲ. ತಂದೇ, ಒಬ್ಬನೇ ಒಬ್ಬ ಮನಸಾರೆ ಮೆಚ್ಚಿ ಕೊಳ್ಳುವ ಗಿರಾಕಿಯನ್ನು ಕಳಿಸು, ಅಷ್ಟೇ.

ಶೆಡ್ಡು ಖಾಲಿ ಮಾಡುತ್ತಿದ್ದ ಒಂದು ದಿನ, ಎರಡನೇ ಕಾರಿಗೆಂದು ಮಾಡಿದ್ದ ಫೈಬರಿನ ಮುಂಭಾಗ ಹೊರಗೆ ಬೋರಲು ಬಿದ್ದಿತ್ತು. ಚಾಚಾ ಅದನ್ನು ಅಂಗಾತ ಹಾಕಿದ. ಅಷ್ಟರಲ್ಲಿ ಸೈಕಲ್ ಮೇಲೆ ಹೋಗುತ್ತಿದ್ದ ಹಿರಿಯರೊಬ್ಬರು ಇಳಿದರು. ಘಾಟಬೋರಾಳದವರು, ಮನೆಯಲ್ಲಿ ಎಮ್ಮೆ ಕಟ್ಟಿದವರು, ಊರಿಗೆಲ್ಲಾ ಮಾಮಾ. ಮಾಮಾ ಅದನ್ನು ಬೆರಳಿನಿಂದ ಬಡಿದು ನೋಡಿದರು, ಒಳಗೆಲ್ಲಾ ಕೈಯಾಡಿಸಿದರು.

"ಈ ಗ್ವಾದಲಿ ಯಾರು ಮಾಡ್ಯಾರ?"

ಎಮ್ಮೆಗೆ ಮೇವು ಹಾಕುವ ಗೋದಲಿ. ತಮ್ಮ ಎದ್ದು ಬಂದ. "ಮಾಮಾ, ಇದು ಗ್ವಾದಲಿ ಅಲ್ರಿ. ಸ್ಪೋರ್ಟ್ಸ್ ಕಾರಿನ ಮೂತಿ. ಎಷ್ಟ ಜೋರಲೇ ಓಡಿದ್ರೂ ಗಾಳಿ ಹಿಡ್ಯಾಂಗಿಲ್ಲ, ಹಂಗ ಮಾಡೇನಿ."

"ಗಾಳಿದೇನು ಚಿಂತಿಲ್ಲ ಬಿಡು ತಮ್ಮಾ. ನಮ್ಮ ಎಮ್ಮಿ ನಿಂತ ತಿಂತದ." ಮಾಮಾ ಹೆಡ್‌ಲೈಟಿನ ಜಾಗಕ್ಕೆ ಕೈ ಇಳಿಸಿದರು. ಕಪ್ಪೆಗಣ್ಣಿನ ಹಾಗೆ ಉಬ್ಬಿದ ಆ ಎರಡು ಗೂಡುಗಳಿಗೆ ಇನ್ನೂ ತೂತು ಕೊರೆದಿರಲಿಲ್ಲ. "ಈ ಎರಡು ಕುಣಿ ಭಾಳ ವಿಚಾರ ಮಾಡಿ ಮಾಡೀರಿ. ಒಂದರಾಗ ಹಿಂಡಿ, ಒಂದರಾಗ ಉಪ್ಪು. ಸಿಮೆಂಟಿಂದು ಸೀಳತಾವ, ತಗಡಿಂದು ಎಮ್ಮಿ ತುಟಿ ಕೊಯ್ತಾವ. ಅಂಚು ನೋಡ್ರಿ ಹ್ಯಾಂಗ ನುಣ್ಣಗ ಅದ. ಇದು ತಿಳದವ ಮಾಡಿದ್ದು."

ಅಷ್ಟು ವರ್ಷಗಳಲ್ಲಿ ತಮ್ಮನ ಕೆಲಸದ ಒಂದೊಂದು ತಿರುವಿಗೂ ಅರ್ಥ ಹೇಳಿದವರು ಅವರೊಬ್ಬರೇ. ಮಾಮಾ ರೊಕ್ಕ ಎಣಿಸಿ ಕೊಟ್ಟು, ಮೊದಲ ಬೋಣಿಗೆ, ಪೂಜೆ ಆಗಲೇಬೇಕೆಂದು ಕಾಯಿ ಒಡೆಸಿದರು. ನಾನು ಮೂತಿಗೆ ವಿಭೂತಿ ಹಚ್ಚಿದೆ. ಕೇಳಿದ್ದನ್ನು ಶಿವ ಕೊಟ್ಟಿದ್ದ. ಎಂಥಾ ಗಿರಾಕಿ ಅಂತ ನಾನೇ ಬಿಡಿಸಿ ಕೇಳಿರಲಿಲ್ಲ. ಚಾಚಾ ಗೋಡೆಯ ಕಡೆ ಮುಖ ತಿರುಗಿಸಿ ನಿಂತಿದ್ದ, ನಗುತ್ತಿದ್ದನೋ ಅಳುತ್ತಿದ್ದನೋ ಬೆನ್ನಿನಿಂದ ತಿಳಿಯಲಿಲ್ಲ.

ಮಾಮಾ ಸೈಕಲ್ಲಿಗೆ ಗೋದಲಿ ಬಿಗಿದು ಕೇಳಿದರು. "ಕರುಗೋಳಿಗೆ ಸಣ್ಣ ಮಾಡೆಲ್ ಯಾವಾಗ ಬಿಡ್ತೀರಿ?"

ಮುಂದಿನ ಮಾಡೆಲ್ ಯಾವಾಗ ಅಂತ ತಮ್ಮನನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಅವನು ಕಿವಿಯ ಮೇಲಿನ ಪೆನ್ಸಿಲ್ ತೆಗೆದ. "ಕರು ಎಷ್ಟು ಎತ್ತರ ಅದಾವ ನೋಡಬೇಕಲ್ರಿ ಮಾಮಾ. ನಾಳೆ ಊರಿಗೇ ಬಂದು ಅಳತಿ ತಗೋತೀನಿ."

"ಬಾರಪ್ಪ, ಜರೂರ ಬಾ," ಎಂದರು ಮಾಮಾ. ಶೆಡ್ಡಿನೊಳಗೆ ನಿಂತ ಕೆಂಪು ಕಾರನ್ನು ಒಮ್ಮೆ ನೋಡಿ, ದನಿ ತಗ್ಗಿಸಿದರು. "ಆದ್ರ ಅದನ್ನ ತಗೊಂಡು ಬರಬ್ಯಾಡ. ಎಮ್ಮಿ ಬೆದರಿ ಹಾಲು ಬಿಡಾಂಗಿಲ್ಲ."