ಕಳೆದುಹೋದ ನಾಲ್ಕು ಬಡಿತ

ಹೆಂಡತಿ: ನಾಲ್ಕರಿಂದ ಗುಣಿಸಿ ಅಂದ್ರೆ ದುಪ್ಪಟ್ಟು ಯಾಕ್ರೀ ಮಾಡ್ತೀರಾ?

ನರ್ಸ್: ಎರಡು ಸಲ ದುಪ್ಪಟ್ಟು ಮಾಡಿದ್ರೆ ನಾಲ್ಕರಷ್ಟೇ ಅಲ್ವಾ ಅಮ್ಮ? ಹತ್ತೊಂಬತ್ತು... ಮೂವತ್ತೆಂಟು...

ಗಂಡ: ಮೂವತ್ತೆಂಟಾ! ನಾಡಿ ಅಷ್ಟು ಇಳಿದುಹೋಯ್ತಾ?

ಹಲ್ಲಿನ ಆಸ್ಪತ್ರೆಯ ಹೊರಕೋಣೆ. ಗಂಡನ ಎಡಗೆನ್ನೆ ಊದಿಕೊಂಡಿದೆ, ಮಣಿಕಟ್ಟು ನರ್ಸ್ ಕೈಯಲ್ಲಿದೆ. ಹದಿನೈದು ಸೆಕೆಂಡಿಗೆ ಹತ್ತೊಂಬತ್ತು ಬಡಿತ ಸಿಕ್ಕಿದೆ. ನಿಮಿಷಕ್ಕೆ ನೂರು ದಾಟಿದರೆ ಇವತ್ತು ಹಲ್ಲು ಕೀಳುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ದಾಟಲಿ ಎಂದು ಗಂಡನ ಹಾರೈಕೆ. ಹೆಂಡತಿ ಮೂವತ್ತು ವರ್ಷ ಲೆಕ್ಕದ ಟೀಚರ್ ಆಗಿದ್ದವಳು.

ನರ್ಸ್: ಗಾಬರಿ ಬೇಡ ಸಾರ್, ಅದಿನ್ನೂ ಅರ್ಧ ದಾರಿ.

ಗಂಡ: ಅರ್ಧ ದಾರೀಲಿ ನಿಲ್ಲಿಸ್ಬೇಡಿ ತಾಯಿ, ಹೃದಯ ಕಣ್ರೀ ಅದು!

ಹೆಂಡತಿ: ಇಲ್ಲಿ ಕೇಳಿ. ಹತ್ತೊಂಬತ್ತನ್ನ ಇಪ್ಪತ್ತು ಅಂದ್ಕೊಳ್ಳಿ.

ಗಂಡ: ಇನ್ನೊಂದು ಎಲ್ಲಿಂದ ಬಂತು?

ಹೆಂಡತಿ: ಸುಮ್ನೆ ಅಂದ್ಕೊಳ್ಳೋದು.

ಗಂಡ: ಅಂದ್ಕೊಂಡ ಬಡಿತದಲ್ಲಿ ನಾನು ಬದುಕ್ಬೇಕಾ?

ಹೆಂಡತಿ: ಇಪ್ಪತ್ತು ನಾಲ್ಕ್ಲಿ ಎಂಬತ್ತು. ಅದ್ರಲ್ಲಿ ನಾಲ್ಕು ಕಳೆದೆ.

ಗಂಡ: ಕಳೆದ್ಯಾ! ಐವತ್ತೆಂಟು ವರ್ಷ ಜೋಪಾನವಾಗಿ ಇಟ್ಕೊಂಡಿದ್ದೆ. ಹುಡುಕೇ!

ನರ್ಸ್: ನೋಡಿ, ನನ್ನ ದಾರೀಲಿ ಏನೂ ಕಳೆಯಲ್ಲ.

ಹೆಂಡತಿ: ನಿಮ್ಮ ದಾರೀಲಿ ಮನುಷ್ಯ ಮೂವತ್ತೆಂಟರ ಹತ್ರಾನೇ ಹೋಗ್ಬಿಡ್ತಾನೆ!

ನರ್ಸ್: ನಿಮ್ದ್ರಲ್ಲಿ ಎಂಬತ್ತಕ್ಕೆ ಹತ್ತಿ ಜಾರಿ ಬೀಳ್ತಾನೆ!

ಹೆಂಡತಿ: ನಿಮಗೆ ಎಷ್ಟು ಬಂತು?

ನರ್ಸ್: ಎಪ್ಪತ್ತಾರು. ನಿಮಗೆ?

ಹೆಂಡತಿ: ಎಪ್ಪತ್ತಾರು. ಆದ್ರೆ ನಂದು ಸರಿಯಾದ ಎಪ್ಪತ್ತಾರು.

ನರ್ಸ್ ಮಣಿಕಟ್ಟು ಬಿಟ್ಟು ಸೊಂಟದ ಮೇಲೆ ಕೈಯಿಟ್ಟಳು. ಇಬ್ಬರೂ ಗೋಡೆಯ ದವಡೆ ಚಿತ್ರದ ಮೇಲೆ ಬೆರಳಲ್ಲೇ ಲೆಕ್ಕ ಗೀಚುತ್ತ, ಒಬ್ಬರದನ್ನೊಬ್ಬರು ಅಂಗೈಯಿಂದ ಅಳಿಸತೊಡಗಿದರು. ಬಿಡುವಾದ ಮಣಿಕಟ್ಟನ್ನು ಗಂಡ ತಾನೇ ಹಿಡಿದುಕೊಂಡು ಗಡಿಯಾರದತ್ತ ತಿರುಗಿದ.

ಗಂಡ: ನೂರ ಹದಿನೆಂಟು!

ನರ್ಸ್: ಯಾವ ದಾರೀಲಿ ಬಂತು?

ಹೆಂಡತಿ: ಸುಳ್ಳು! ನೂರ ಹದಿನೆಂಟು ನಾಲ್ಕರಿಂದ ಭಾಗಾನೇ ಆಗಲ್ಲ.

ಗಂಡ: ನೀವು ಕಿತ್ತಾಡ್ತಿದ್ದಾಗ ಒಂದು ನಿಮಿಷ ಪೂರ್ತಿ ಒಂದೊಂದೇ ಎಣಿಸಿದೆ. ನೂರು ದಾಟ್ತು. ನಡಿಯೇ, ಮನೆಗೆ ಹೋಗೋಣ.

ಹೆಂಡತಿಯೂ ನರ್ಸೂ ಅಷ್ಟು ಹೊತ್ತಿನಲ್ಲಿ ಮೊದಲ ಸಲ ಒಬ್ಬರ ಮುಖ ಒಬ್ಬರು ಪ್ರೀತಿಯಿಂದ ನೋಡಿಕೊಂಡರು.

ಹೆಂಡತಿ: ಒಂದೊಂದೇ ಎಣಿಸಿದ್ರಂತೆ!

ನರ್ಸ್: ಎಣಿಸಿದ್ದೆಲ್ಲ ಲೆಕ್ಕಕ್ಕಿಲ್ಲ ಸಾರ್. ಒಳಗೆ ನಡೀರಿ.