ಒತ್ತಾಯದ ರೊಟ್ಟಿ ಯಾರ ಲೆಕ್ಕಕ್ಕೆ

ಹಳಿಯಾಳದ ಪ್ರಾದೇಶಿಕ ಅಂದಾಜು ಕಚೇರಿಯ ದಾಖಲೆಗಳ ಪ್ರಕಾರ, ನಾಲ್ಕು ತಾಲೂಕುಗಳಲ್ಲಿ ಅತಿ ಹೆಚ್ಚು ಊಟ ಮಾಡುವ ವ್ಯಕ್ತಿ ಹೊಳೆವ್ವ. ಬಸ್ ಸ್ಟ್ಯಾಂಡಿನ ಹಿಂದಿನ ಶಿವಗಂಗಾ ಖಾನಾವಳಿಯಲ್ಲಿ ರೊಟ್ಟಿ ಬಡಿಸುವ ಈಕೆಯನ್ನು ಕಂಡವರಿಗೆ ಇದನ್ನು ನಂಬುವುದು ಕಷ್ಟವಾಗಬಹುದು. ಜೋರಾಗಿ ಗಾಳಿ ಬೀಸಿದರೆ ಆಕೆ ಬಾಗಿಲ ಚೌಕಟ್ಟು ಹಿಡಿದು ನಿಲ್ಲುತ್ತಾಳೆ. ಆದರೆ ಕಣ್ಣಿಗೆ ಕಂಡದ್ದು ಸರ್ಕಾರಿ ದಾಖಲೆಯಲ್ಲ. ದಾಖಲೆಯಲ್ಲಿ ಇದ್ದದ್ದನ್ನು ನಡೆದ ಕ್ರಮದಲ್ಲೇ ನಿವೇದಿಸುವುದಷ್ಟೇ ಇಲ್ಲಿಯ ಉದ್ದೇಶ.

ಅಂದಾಜು ಕಚೇರಿ ಎಂದರೆ, ಬೇರೆ ಇಲಾಖೆಗಳು ಮುಂದೆ ಅಳೆಯಲಿರುವುದನ್ನು ಮೊದಲೇ ಅಂದಾಜು ಮಾಡಿ ಇಡುವ ಕಚೇರಿ. ಅತ್ತಿವೇರಿಯ ಕೆರೆಗೆ ಈ ವರ್ಷ ಎಷ್ಟು ಹಕ್ಕಿ ಬಂದಾವು, ಜೋಯಿಡಾದ ರಸ್ತೆಗೆ ಎಷ್ಟು ತಗ್ಗು ಬಿದ್ದಾವು ಎಂಬುದನ್ನೆಲ್ಲ ಅಲ್ಲಿ ಕುಳಿತೇ ಹೇಳುತ್ತಾರೆ. ಹಕ್ಕಿಗಳು ಅಂದಾಜಿಗಿಂತ ಕಡಿಮೆ ಬಂದರೆ ಹಕ್ಕಿಗಳ ವಿರುದ್ಧ ಟಿಪ್ಪಣಿ ಬರೆಯಲಾಗುತ್ತದೆ. ಕುಳಿತು ಮಾಡುವ ಕೆಲಸವಾದ್ದರಿಂದ ನೌಕರರ ಹೊಟ್ಟೆಗಳು ಮೇಜಿನ ಅಂಚಿಗೆ ತಾಗಿ ಕಡತಗಳು ಕೆಳಗೆ ಬೀಳತೊಡಗಿದವು. ಆಗ ಮೇಲಿನ ಕಚೇರಿಯಿಂದ ಮಿತಾಹಾರ ಅಭಿಯಾನದ ಸುತ್ತೋಲೆ ಬಂತು.

‘ಪ್ರತಿ ನೌಕರನು ದಿನಕ್ಕೆ ಒಂದು ಸಾವಿರದ ಎಂಟುನೂರು ಕ್ಯಾಲೊರಿ ಮೀರದಂತೆ ಸೇವಿಸತಕ್ಕದ್ದು. ಸೇವಿಸಿದ್ದನ್ನು ಅದೇ ದಿನ ನಮೂದಿಸತಕ್ಕದ್ದು. ಮೀರಿದವರನ್ನು ಬಡ್ತಿಗೆ ಪರಿಗಣಿಸತಕ್ಕದ್ದಲ್ಲ.’

ಮೊದಲೆರಡು ವಾಕ್ಯಗಳನ್ನು ಗುಮಾಸ್ತ ಅಂದಾನೆಪ್ಪ ಆಕಳಿಸುತ್ತಲೇ ಓದಿದ. ಮೂರನೆಯದಕ್ಕೆ ಆಕಳಿಕೆ ಅರ್ಧಕ್ಕೇ ನಿಂತಿತು. ಸೂಪರಿಂಟೆಂಡೆಂಟ್ ದ್ಯಾಮಪ್ಪ ಮೂರು ತಿಂಗಳಲ್ಲಿ ನಿವೃತ್ತರಾಗಲಿದ್ದರು. ಅವರ ಕುರ್ಚಿಗೆ ಕೈಗಳಿದ್ದವು, ಬೆನ್ನಿಗೆ ಟವೆಲ್ ಇತ್ತು. ಆ ಟವೆಲ್ಲಿನ ಬಣ್ಣ ಬದಲಾದಾಗಲೆಲ್ಲ ಮುಂಡಗೋಡದಲ್ಲಿರುವ ಹೆಂಡತಿಗೆ ಫೋನು ಮಾಡಿ ಹೇಳುವಷ್ಟು ಅಂದಾನೆಪ್ಪ ಅದರ ಮೇಲೆ ಕಣ್ಣಿಟ್ಟಿದ್ದ. ಪೈಪೋಟಿಗಿದ್ದವನು ಒಬ್ಬನೇ: ಲೋಕೇಶ. ದಾಂಡೇಲಿಯ ಬಂಗೂರನಗರದಿಂದ ದಿನಾ ಬಸ್ಸಿಗೆ ಬರುವ ಲೋಕೇಶ ಡಬ್ಬಿಯಲ್ಲಿ ಸವತೆಕಾಯಿ ತಂದು, ಎಲ್ಲರಿಗೂ ಸಪ್ಪಳ ಕೇಳುವಂತೆ ಕಡಿಯುತ್ತಿದ್ದ.

ಅಂದಾನೆಪ್ಪನದು ಖಾನಾವಳಿಯ ಊಟ. ಶಿವಗಂಗಾ ಖಾನಾವಳಿಯಲ್ಲಿ ಊಟಕ್ಕೆ ಒಂದೇ ದರ, ರೊಟ್ಟಿಗೆ ಮಿತಿಯಿಲ್ಲ. ಅಲ್ಲಿ ಬೇಕು ಎಂದು ಕೇಳುವವನನ್ನು ಹೊರಗಿನವನೆಂದು ತಿಳಿಯುತ್ತಾರೆ. ಗೊತ್ತಿದ್ದವರು ಸಾಕು ಎನ್ನುತ್ತಾರೆ. ಸಾಕು ಎಂದವರ ತಾಟಿಗೆ ರೊಟ್ಟಿ ಬೀಳುತ್ತದೆ. ಇನ್ನೊಮ್ಮೆ ಸಾಕು ಎಂದರೆ ಬೆಣ್ಣೆ ಬೀಳುತ್ತದೆ. ತಾಟಿನ ಮೇಲೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದ ತುಪ್ಪ ಇಳಿಯುತ್ತದೆ.

ಅಭಿಯಾನದ ಮೊದಲ ದಿನ ಅಂದಾನೆಪ್ಪ ಎರಡು ರೊಟ್ಟಿಗೇ ತಾಟು ಸರಿಸಿದ.

“ಸಾಕವಾ ಹೊಳೆವ್ವ.”

“ಏನ್ ಸಾಕ್ರಿ ಅಣ್ಣಾರ? ಬೆಕ್ಕಿನ ಮರಿ ಸೈತ ಇದಕ್ಕಿಂತ ಹೆಚ್ಚ ತಿಂತೈತಿ.”

“ಈಗ ನಂದು ಲೆಕ್ಕ ಐತವಾ. ಸರ್ಕಾರ ಎಣಸ್ತೈತಿ.”

“ಎಣಸ್ಲಿ ಬಿಡ್ರಿ. ನಾ ಏನ್ ಕದ್ದ ಹಾಕಾಕತ್ತೇನೇನು?” ಎಂದು ಹೊಳೆವ್ವ ಮೂರನೆಯದನ್ನೂ ನಾಲ್ಕನೆಯದನ್ನೂ ಒಟ್ಟಿಗೇ ಹಾಕಿದಳು. ಒಂಟಿ ರೊಟ್ಟಿ ಬಡಿಸುವುದು ಆಕೆಗೆ ಸರಿಕಾಣುತ್ತಿರಲಿಲ್ಲ. ಜೋಡಿಗೆ ಜೋಡಿ ಸೇರಿ ಹನ್ನೆರಡಾದವು.

ಸಂಜೆ ಅಂದಾನೆಪ್ಪ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಬೆಣ್ಣೆ ಎಲ್ಲವನ್ನೂ ಕೂಡಿಸಿ ಬರೆದ. ಮೊತ್ತ ನಾಲ್ಕು ಸಾವಿರ ದಾಟಿತು. ಮರುದಿನ ಕಚೇರಿಯ ಮುಖ್ಯಸ್ಥೆ ಸುಮಿತಾ ಮೇಡಂ ಒಳಗೆ ಕರೆದರು.

“ಅಂದಾನೆಪ್ಪ, ಇದು ನಿಮ್ಮದೊಬ್ಬರದೋ, ಮನ್ಯಾಗಿನ ಎಲ್ಲಾರದೂ ಸೇರ್ಸಿ ಬರದೀರೋ?”

“ನಂದೊಬ್ಬಂದ್ರಿ ಮೇಡಂ. ಆದ್ರ ನಾ ತಿಂದಿದ್ದು ಮೊದಲ್ನೇ ಎರಡು ರೊಟ್ಟಿ ಅಷ್ಟ.”

“ಉಳಿದದ್ದು?”

“ತಿನಿಸಿದ್ದರೀ.”

“ಯಾರು?”

“ಖಾನಾವಳಿ ಹೊಳೆವ್ವ.”

“ಕೈ ಯಾರದಿತ್ತು?”

“ಕೈ ನಂದರೀ. ಬಾಯೂ ನಂದ. ಒತ್ತಾಯ ಆಕಿದು.”

ಸುಮಿತಾ ಮೇಡಂ ಪೆನ್ನು ಕೆಳಗಿಟ್ಟರು. ಮನಸ್ಸಿಲ್ಲದೆ ಮಾಡಿದ ಕೆಲಸಕ್ಕೆ ನೌಕರನು ಹೊಣೆಯಲ್ಲ ಎಂಬ ತತ್ವದ ಮೇಲೆಯೇ ಆ ಕಚೇರಿ ಇಷ್ಟು ವರ್ಷ ನಡೆದು ಬಂದಿತ್ತು. ಅದನ್ನು ಊಟಕ್ಕೆ ಅನ್ವಯಿಸಬಾರದೆಂದು ಎಲ್ಲೂ ಬರೆದಿರಲಿಲ್ಲ. ಅವರು ಸ್ಪಷ್ಟೀಕರಣ ಕೋರಿ ಮೇಲಕ್ಕೆ ಬರೆದರು. ಜಂಟಿ ಅಂದಾಜು ಅಧಿಕಾರಿ ರುದ್ರೇಶ ಅವರಿಂದ ಉತ್ತರ ಎಂದಿಗಿಂತ ಬೇಗ ಬಂತು. ಅವರ ಅತ್ತೆಯ ಮನೆಯಲ್ಲೂ ಬಹಳ ಒತ್ತಾಯ ಮಾಡುತ್ತಿದ್ದರೆಂದು ಆಮೇಲೆ ತಿಳಿಯಿತು.

‘ಸ್ವ-ಇಚ್ಛೆಯಿಂದ ಸೇವಿಸಿದ ಕ್ಯಾಲೊರಿಯು ಸೇವಿಸಿದವರ ಲೆಕ್ಕಕ್ಕೂ, ಒತ್ತಾಯದಿಂದ ಸೇವಿಸಿದ್ದು ಒತ್ತಾಯ ಮಾಡಿದವರ ಲೆಕ್ಕಕ್ಕೂ ಸೇರತಕ್ಕದ್ದು. ಒತ್ತಾಯದ ಪುರಾವೆಯಾಗಿ, ಸಾಕು ಎಂಬ ಶಬ್ದವನ್ನು ಪಕ್ಕದ ತಾಟಿನವರಿಗೆ ಕೇಳುವಂತೆ ಉಚ್ಚರಿಸಿರತಕ್ಕದ್ದು.’

ಮರುದಿನದಿಂದ ಇಡೀ ಕಚೇರಿ ಶಿವಗಂಗಾ ಖಾನಾವಳಿಗೆ ಊಟಕ್ಕೆ ಬರತೊಡಗಿತು. ಸಾಕು ಸಾಕು ಎಂಬ ಘೋಷ ಬಸ್ ಸ್ಟ್ಯಾಂಡಿನವರೆಗೆ ಕೇಳಿ, ಯಾವುದೋ ಧರಣಿ ನಡೆದಿದೆ ಎಂದುಕೊಂಡು ಪೊಲೀಸರೊಬ್ಬರು ಬಂದು ನೋಡಿ, ತಾವೂ ಊಟಕ್ಕೆ ಕುಳಿತರು. ನೌಕರರ ಲೆಕ್ಕ ಸಾವಿರಕ್ಕೂ ಕೆಳಗಿಳಿಯಿತು. ತೂಕದ ಯಂತ್ರ ಮಾತ್ರ ಇದಕ್ಕೆ ವಿರುದ್ಧವಾಗಿ ತೋರಿಸತೊಡಗಿದ್ದರಿಂದ ಅದನ್ನು ದುರಸ್ತಿಗೆ ಕಳಿಸಲಾಯಿತು.

ನಡುವೆ ಕೋಗಿಲಬನದ ಹೊಳೆದಂಡೆಯ ರೆಸಾರ್ಟೊಂದರಲ್ಲಿ ಕ್ಯಾಲೊರಿ ಎಣಿಕೆಯ ತರಬೇತಿ ನಡೆಯಿತು. ಮಧ್ಯಾಹ್ನ ಬೇಕಾದಷ್ಟು ಬಡಿಸಿಕೊಳ್ಳುವ ಬಫೆ ಊಟವಿತ್ತು. ಆದರೆ ಅಲ್ಲಿ ಒತ್ತಾಯ ಮಾಡುವವರು ಯಾರೂ ಇರಲಿಲ್ಲ. ತಾನೇ ಸೌಟು ಹಿಡಿದರೆ ತನ್ನದೇ ಲೆಕ್ಕ. ನೌಕರರು ಖಾಲಿ ತಾಟು ಹಿಡಿದು ಗುಲಾಬ್ ಜಾಮೂನಿನ ಮುಂದೆ ಸಾಕು ಸಾಕು ಎನ್ನುತ್ತ ನಿಂತರು. ಬಿಳಿ ಟೊಪ್ಪಿಗೆಯ ಅಡುಗೆಯವನು ಅದನ್ನು ನಂಬಿ ಪಾತ್ರೆ ಒಳಗೆ ಒಯ್ದ. ಲೋಕೇಶ ತಡೆಯಲಾರದೆ ಹಿಂದೆ ಓಡಿ, “ಏ, ಇನ್ನೆರಡು ಬೇಕ್ರೀ” ಎಂದುಬಿಟ್ಟ. ಮೂವರು ಸಾಕ್ಷಿ ಬರೆದುಕೊಟ್ಟರು. ಅಂದಾನೆಪ್ಪನ ಅಕ್ಷರ ಚೆನ್ನಾಗಿದ್ದುದರಿಂದ ಮೂವರದನ್ನೂ ಅವನೇ ಬರೆದ. ಕುರ್ಚಿಗೆ ಇನ್ನು ಅವನೊಬ್ಬನೇ ಉಳಿದ.

ಅದಾದ ಮೇಲಿನ ವಾರ ಹೊಳೆವ್ವ ಕಚೇರಿಗೆ ಬಂದಳು. ಬಾಗಿಲ ಹೊರಗೇ ನಿಂತು ಸೆರಗಿನ ತುದಿ ಹಿಂಡುತ್ತಿದ್ದಳು.

“ಅಣ್ಣಾರ, ಸಲೀಂ ಸಾಬ್ರು ರೇಷನ್ ಅಂಗಡ್ಯಾಗ ಅಕ್ಕಿ ಕೊಡಲಿಲ್ರಿ. ಕಾರ್ಡು ಬಂದ್ ಆಗೇತಂತ.”

“ಯಾಕಂತ?”

“ದಿನಾ ಬುಟ್ಟಿಗಟ್ಲೆ ರೊಟ್ಟಿ ತಿನ್ನಾಕಿ ಬಡವಿ ಹೆಂಗಕ್ಕಾಳ ಅಂತ ಮ್ಯಾಲಿಂದ ಬಂದೈತಂತರಿ. ನಾ ಎಲ್ಲಿ ತಿಂದೇನ್ರಿ? ಮನ್ಯಾಗ ಮೊಮ್ಮಗಳದು ನಂದು ಎರಡ ಹೊಟ್ಟಿ. ಆ ಅಕ್ಕಿ ಮ್ಯಾಲ ತಿಂಗಳ ದೂಡ್ತೇನ್ರಿ.”

ಅಂದಾಜು ಕಚೇರಿಯ ಮಾಹಿತಿ ಸಂಬಂಧಪಟ್ಟ ಎಲ್ಲ ಇಲಾಖೆಗಳಿಗೂ ತಾನಾಗಿ ಹೋಗುವ ವ್ಯವಸ್ಥೆ ಈಚೆಗೆ ಜಾರಿಯಾಗಿತ್ತು. ಅದು ಕೆಲಸ ಮಾಡುತ್ತಿದೆ ಎಂದು ಕಚೇರಿಗೆ ಗೊತ್ತಾದದ್ದು ಆಗಲೇ.

“ನೀವು ಒಂದ ಮಾತ ಬರದ ಕೊಡ್ರಲ್ಲ ಅಣ್ಣಾರ, ರೊಟ್ಟಿ ತಿಂದಾವ ನಾನ ಅಂತ.”

ಅಂದಾನೆಪ್ಪನ ಕರುಳು ಚುರ್ ಎಂದಿತು. ಹಸಿವಿರಬಹುದೆಂದು ಗಡಿಯಾರ ನೋಡಿದ. ಊಟದ ಹೊತ್ತೂ ಆಗಿತ್ತು. ರೊಟ್ಟಿ ತಿಂದವನು ನಾನೇ ಎಂದು ಬರೆದರೆ ಕುರ್ಚಿ ಹೋಗುತ್ತದೆ. ಬರೆಯದಿದ್ದರೆ ಹೋಗುವುದು ಬರೀ ಅಕ್ಕಿ, ಅದೂ ಬೇರೆ ಇಲಾಖೆಯದು. ಬೇರೆ ಇಲಾಖೆಯ ವಿಷಯದಲ್ಲಿ ಕೈಹಾಕುವುದು ಶಿಸ್ತಲ್ಲ. ಹಾಗೆಂದು ಆಕೆಯನ್ನು ಬರಿಗೈಯಲ್ಲೂ ಕಳಿಸಲಿಲ್ಲ. ಸಹಾನುಭೂತಿಯಿಂದ ಪರಿಶೀಲಿಸಬೇಕೆಂದು ಆಕೆಯ ಪರವಾಗಿ ಒಂದು ಅರ್ಜಿ ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡ. ಅದರಲ್ಲಿ ರೊಟ್ಟಿಯ ಪ್ರಸ್ತಾಪ ಇರಲಿಲ್ಲ.

ಅರ್ಜಿಗೆ ಉತ್ತರ ಬಂತು: ‘ಅರ್ಜಿದಾರಳ ಒಂದು ದಿನದ ಆಹಾರ ಸೇವನೆಯು ಸಾಧಾರಣ ಮದುವೆಯೊಂದರ ಖರ್ಚಿಗೆ ಸಮವಾಗಿದೆ. ದಿನವೂ ಮದುವೆ ನಡೆಯುವ ಮನೆಯನ್ನು ಬಡ ಕುಟುಂಬವೆಂದು ಪರಿಗಣಿಸಲು ನಿಯಮದಲ್ಲಿ ಅವಕಾಶವಿಲ್ಲ.’

ಅಭಿಯಾನದ ಯಶಸ್ಸನ್ನು ಕಣ್ಣಾರೆ ನೋಡಲು, ಹಾಗೂ ಬಡ್ತಿಯ ಶಿಫಾರಸಿಗೆ ಸಹಿ ಹಾಕಲು ರುದ್ರೇಶ ಸಾಹೇಬರೇ ಹಳಿಯಾಳಕ್ಕೆ ಬಂದರು. ಊಟ ಖಾನಾವಳಿಯಲ್ಲಿ. ಸಾಹೇಬರ ಎಡಕ್ಕೆ ಸುಮಿತಾ ಮೇಡಂ, ಬಲಕ್ಕೆ ಅಂದಾನೆಪ್ಪ, ಆಚೆ ಉಳಿದವರು. ಎಲ್ಲರೂ ಬೆಳಿಗ್ಗೆಯಿಂದ ಹೊಟ್ಟೆ ಖಾಲಿ ಇಟ್ಟುಕೊಂಡಿದ್ದರು. ಹೊಳೆವ್ವ ಎರಡೆರಡು ರೊಟ್ಟಿ ಬಡಿಸಿ ಗೋಡೆಗೆ ಸರಿದು ನಿಂತಳು. ರೊಟ್ಟಿ ಮುಗಿದವು. ಎಣ್ಣೆಗಾಯಿ ಇನ್ನೂ ಮುಕ್ಕಾಲು ಉಳಿದಿತ್ತು.

“ಸಾಕು” ಎಂದರು ಸಾಹೇಬರು, ಪಕ್ಕದ ತಾಟಿನವರಿಗೆ ಕೇಳುವಂತೆ.

“ಆತ್ರಿ” ಎಂದಳು ಹೊಳೆವ್ವ.

ತಾಟಿಗೆ ಏನೂ ಬೀಳಲಿಲ್ಲ. ಸಾಹೇಬರು ತಾಟು ನೋಡಿದರು, ಬುಟ್ಟಿ ನೋಡಿದರು, ಇನ್ನೊಮ್ಮೆ ಸಾಕು ಎಂದರು. ಮೇಡಂ ಸಾಕು ಎಂದರು. ಪಂಕ್ತಿಯ ಕೊನೆಯಿಂದ ಲೋಕೇಶನೂ ಸಾಕು ಎಂದ. ಅಂದಾನೆಪ್ಪ ಎರಡೂ ಕೈ ತಾಟಿನ ಮೇಲೆ ಅಡ್ಡ ಹಿಡಿದು, ಬೆರಳುಗಳನ್ನು ಆದಷ್ಟು ಅಗಲಿಸಿದ.

“ಸಾಕಂದ್ರ ಸಾಕಲ್ರಿ” ಎಂದಳು ಹೊಳೆವ್ವ.

ಖಾನಾವಳಿಯ ಒಡತಿ ಶಿವಗಂಗಾ ಒಲೆಯ ಮುಂದಿನಿಂದ ಕೂಗಿದಳು: “ಏನಾಗೇತಿ ನಿನಗ? ಮಂದಿ ಹಸದ ಕುಂತಾರ.”

“ಸಲೀಂ ಸಾಬ್ರು ಹೇಳ್ಯಾರವಾ, ಒತ್ತಾಯ ಬಿಟ್ಟ ನೋಡು, ಅಕ್ಕಿ ತಿರುಗಿ ಬಂದ್ರೂ ಬರಬಹುದು ಅಂತ. ಬೇಕಾದ್ರ ಬೇಕ ಅನ್ನಲಿ, ಹಾಕ್ತೇನಿ.”

ಬೇಕು ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಅಂದಾನೆಪ್ಪ ಬಾಗಿ ಪಿಸುಗುಟ್ಟಿದ: “ಹೊಳೆವ್ವ, ನನ್ನ ಕುರ್ಚಿ ಐತವಾ ಇದರಾಗ. ಒಂದ ಸಲ ಒತ್ತಾಯ ಮಾಡು.”

“ನಂದು ಅಕ್ಕಿ ಐತ್ರಿ ಅಣ್ಣಾರ” ಎಂದಳು ಆಕೆ, ಅಷ್ಟೇ ಸಣ್ಣಗೆ.

ಸಾಹೇಬರು ಒಣಗುತ್ತಿರುವ ಎಂಜಲು ಕೈಯನ್ನು ತಾಟಿನ ಮೇಲೆ ಹಿಡಿದು ಯೋಚಿಸಿದರು. “ಮೇಡಂ, ಒತ್ತಾಯ ಮಾಡು ಅಂತ ಆಕಿಗೆ ನಾನು ಒತ್ತಾಯ ಮಾಡಿದ್ರ, ಅದು ಯಾರ ಲೆಕ್ಕ?”

“ತಮ್ಮದ್ರಿ ಸರ್.”

“ಸರ್ಕಾರ ಮಾಡಿದ್ರ?”

“ಸರ್ಕಾರದ್ದರೀ. ಆದ್ರ ಸರ್ಕಾರಕ್ಕ ಹೊಟ್ಟಿ ಇಲ್ಲಲ್ರಿ ಸರ್.”

“ಅದಕ್ಕ ಕೇಳಿದೆ” ಎಂದರು ಸಾಹೇಬರು. ಎಡಗೈಯಲ್ಲಿ ಪೆನ್ನು ಹಿಡಿದು ಅಲ್ಲಿಯೇ ಆದೇಶ ಬರೆದರು. ಅದರ ಮೂಲ ಪ್ರತಿಯಲ್ಲಿ ಇಂದಿಗೂ ಶೇಂಗಾ ಚಟ್ನಿಯ ಗುರುತಿದೆ. ‘ಸಾರ್ವಜನಿಕ ಹಿತದೃಷ್ಟಿಯಿಂದ, ಹೊಳೆವ್ವ ಇವರು ಸರ್ಕಾರದ ಪರವಾಗಿ ಒತ್ತಾಯ ಮಾಡತಕ್ಕದ್ದು. ಸದರಿ ಕ್ಯಾಲೊರಿಗಳನ್ನು ಸರ್ಕಾರವೇ ಭರಿಸತಕ್ಕದ್ದು.’ ಸುಮಿತಾ ಮೇಡಂ ಅದನ್ನು ಓದಿ ಹೇಳಿದರು. ಹೊಳೆವ್ವ ಒಮ್ಮೆ ಸಾಹೇಬರನ್ನು, ಒಮ್ಮೆ ಶಿವಗಂಗಾಳ ಮುಖವನ್ನು ನೋಡಿ ಬುಟ್ಟಿ ಎತ್ತಿಕೊಂಡಳು. ಸಾಹೇಬರು ಆ ಮಧ್ಯಾಹ್ನ ಎಷ್ಟು ರೊಟ್ಟಿ ತಿಂದರೆಂಬುದು ಸರ್ಕಾರದ ಲೆಕ್ಕಕ್ಕೆ ಹೋದ್ದರಿಂದ ಇಲ್ಲಿ ಹೇಳುವಂತಿಲ್ಲ. ಶಿಫಾರಸಿಗೆ ಅವರು ಎದ್ದು ಸಹಿ ಹಾಕಲಿಲ್ಲ. ಏಳಲು ಆಗದ್ದರಿಂದ ಕುಳಿತಲ್ಲೇ ಹಾಕಿದರು.

ಅಂದಾನೆಪ್ಪ ಸೂಪರಿಂಟೆಂಡೆಂಟ್ ಆದ. ಅಧಿಕಾರ ವಹಿಸಿಕೊಂಡ ದಿನ ಕುರ್ಚಿಯ ಕೈಗಳ ನಡುವೆ ಹೊಟ್ಟೆ ಹಿಡಿಸಲಿಲ್ಲ. ಮಿತಾಹಾರದಲ್ಲಿ ಪ್ರಥಮ ಬಂದ ನೌಕರನೇ ಹಿಡಿಸದ ಮೇಲೆ ಕುರ್ಚಿಯ ಅಳತೆ ತಪ್ಪಿದೆ ಎಂದು ಟಿಪ್ಪಣಿ ಬರೆದು, ಬಡಿಗನನ್ನು ಕರೆಸಿ ಕೈಗಳನ್ನು ಕೊಯ್ಯಿಸಲಾಯಿತು.

ಹೊಳೆವ್ವನ ಪ್ರಕರಣವನ್ನೂ ಕಚೇರಿ ಮರೆಯಲಿಲ್ಲ. ಹೊಸ ರೊಟ್ಟಿಗಳು ಇನ್ನು ಆಕೆಯ ಲೆಕ್ಕಕ್ಕೆ ಸೇರುವುದಿಲ್ಲ. ಹಳೆಯವು ಮಾತ್ರ ದಾಖಲಾಗಿ ಹೋಗಿದ್ದರಿಂದ ಅವುಗಳನ್ನು ಆಕೆ ಕರಗಿಸಬೇಕು. ಕರಗಿದ ಮೇಲೆ ಕಾರ್ಡು ತಿರುಗಿ ಬರುತ್ತದೆ. ದಿನಾ ದಾಂಡೇಲಿಯವರೆಗೆ ನಡೆದು ಬಂದರೆ ಮೊಮ್ಮಗಳ ಮದುವೆಯ ಹೊತ್ತಿಗೆ ಕರಗಬಹುದೆಂದು ಕಚೇರಿ ಅಂದಾಜು ಮಾಡಿಕೊಟ್ಟಿತು, ಅದೂ ಉಚಿತವಾಗಿ. ಸಲೀಂ ಆ ಕಾಗದವನ್ನು ಎರಡು ಸಲ ಓದಿ, “ಕಾಗದ ಬಂತಲ್ಲ ಬಿಡವಾ, ದಾರಿ ಆತು” ಎಂದ. ಶಿವಗಂಗಾ ಹರಿದಿಲ್ಲದ ಹಳೇ ಚಪ್ಪಲಿ ಹುಡುಕಿ ಕೊಟ್ಟಳು.

ಈಗ ಹೊಳೆವ್ವ ನಡುರಾತ್ರಿಗೇ ಎದ್ದು ಹೊರಟು, ನಡೆದು ಬಂದು ಮಧ್ಯಾಹ್ನ ಬಡಿಸುತ್ತಾಳೆ. ಮೊನ್ನೆ ಅಂದಾನೆಪ್ಪನ ತಾಟಿನ ಹತ್ತಿರ ಬಂದಾಗ ಗೋಡೆ ಹಿಡಿದು ಒಂದು ಗಳಿಗೆ ನಿಂತಳು.

“ಊಟ ಆತೇನವಾ?” ಎಂದು ಕೇಳಿದ ಅಂದಾನೆಪ್ಪ. ಸೂಪರಿಂಟೆಂಡೆಂಟ್ ಆದ ಮೇಲೂ ಅವನು ಮಾತು ಬಿಟ್ಟಿರಲಿಲ್ಲ.

“ಒಂದ ರೊಟ್ಟಿ ತಿಂದೇನ್ರಿ. ಕರಗೂ ತನಾ ಒಂದ ತಿನ್ನಂದಾರ್ರಿ ನಿಮ್ಮ ಆಫೀಸಿನಾವ್ರು.”

“ಛಲೋ ಆತು. ಹಂಗ ನಡಸು.”

“ಸರ್ಕಾರದ್ದರೀ, ತಗೋರಿ” ಎಂದು ಆಕೆ ಎರಡು ರೊಟ್ಟಿ ಹಾಕಿದಳು.

ಸಾಕು ಎಂದ ಅಂದಾನೆಪ್ಪ, ಪಕ್ಕದವರಿಗೆ ಕೇಳುವಂತೆ. ಆಮೇಲೆ ರೊಟ್ಟಿ ಮುರಿದು ಬೆಣ್ಣೆಯಲ್ಲಿ ಅದ್ದಿ, ಆಕೆಯನ್ನು ಮೇಲಿಂದ ಕೆಳಗೆ ನೋಡಿ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ:

“ಆದ್ರೂ ನೀ ಇನ್ನೊಂಚೂರು ಬಾಯಿ ಕಟ್ಟಬೇಕು ಹೊಳೆವ್ವ.”

“ಹೌದ್ರಿ ಅಣ್ಣಾರ” ಎಂದಳು ಹೊಳೆವ್ವ, ಬೆಣ್ಣೆಯ ಡಬ್ಬಿ ತರಲು ಒಳಗೆ ಹೋಗುತ್ತ.